ನನ್ನ ಕರುಳು, ತಮ್ಮನ ಹಟ

ರಕ್ತ ಕಂಡ ಮೊದಲ ದಿನ ನಾನು ಬೈದದ್ದು ಬಸ್ಸಿನ ಎಂಜಿನ್ನನ್ನು. ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಹಾದು ಬೇಲೂರಿಗೆ ಹೋಗಿ ಬರುವ ಸರ್ಕಾರಿ ಬಸ್ಸಿನಲ್ಲಿ ನಾನು ಕಂಡಕ್ಟರ್. ದಿನವಿಡೀ ನಿಂತಿರಬೇಕು, ಕೂತರೆ ಕಾದ ಸೀಟು, ಊಟದ ಹೊತ್ತಿಗೆ ಊಟವಿಲ್ಲ. ನಡುದಾರಿಯಲ್ಲಿ ಎಲ್ಲಿ ಇಳಿಯಬೇಕಾಗುತ್ತದೋ ಎಂದು ನೀರು ಕೂಡ ಹೆಚ್ಚು ಕುಡಿಯುವುದಿಲ್ಲ. ಇಂಥ ಕೆಲಸದವರಿಗೆ ಮೂಲವ್ಯಾಧಿ ಬರುವುದು ಹೊಸ ಸುದ್ದಿಯೇ ಅಲ್ಲ. ಡಿಪೋದಲ್ಲಿ ಬಾಯಿಬಿಟ್ಟರೆ ಸಾಕು, ಆಳಿಗೊಂದು ಔಷಧಿ ಹೇಳುತ್ತಾರೆ.

"ಹೀಟು ಕಣ್ರೀ ಸುಜಾತಮ್ಮ, ದಿನಾ ಎಳನೀರು ಕುಡೀರಿ" ಎಂದರು ಒಬ್ಬರು. ಮೂಲಂಗಿ ರಸ ಎಂದರು ಇನ್ನೊಬ್ಬರು. ಮೆಂತ್ಯ ನೆನೆಹಾಕಿ ಬರಿಹೊಟ್ಟೆಯಲ್ಲಿ ನುಂಗಿ ಎಂದವರೂ ಇದ್ದರು. ನಾನು ಯಾರನ್ನೂ ನಿರಾಸೆ ಮಾಡಲಿಲ್ಲ, ಎಲ್ಲವನ್ನೂ ಮಾಡಿದೆ. ಮೈ ಇಳಿಯಿತು. ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆ "ಏನಕ್ಕ, ಸಣ್ಣಗಾಗಿ ಚಂದ ಕಾಣ್ತಿದೀಯ" ಎಂದಾಗ ನಾನು ನಾಚಿಕೊಂಡು ಒಂದು ಮೊಳ ಹೂ ಹೆಚ್ಚಿಗೆ ತೆಗೆದುಕೊಂಡೆ. ರಕ್ತ ಹೋಗಿ ಹೋಗಿ ಮೈ ಬಸಿದುಹೋಗುತ್ತಿದೆ ಎಂದು ಯಾರಿಗೆ ಗೊತ್ತಿತ್ತು?

ಒಂದು ಮಧ್ಯಾಹ್ನ ಹಳೇಬೀಡಿನಲ್ಲಿ ಬಸ್ ಹತ್ತಲು ಮೆಟ್ಟಿಲ ಮೇಲೆ ಕಾಲಿಟ್ಟವಳು ಅಲ್ಲೇ ಕುಸಿದು ಕೂತೆ. ನಮ್ಮ ಡ್ರೈವರ್ ಆಟೋ ಮಾಡಿ ಆಸ್ಪತ್ರೆಗೆ ಕಳಿಸಿದರು. ಅಲ್ಲಿಂದ ಹಾಸನಕ್ಕೆ ಕಳಿಸಿದರು. ಹಾಸನದ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಲ್ಲಿ ರಕ್ತವೇ ಇಲ್ಲವಲ್ಲ. ಮೂಲವ್ಯಾಧಿ ಅಂತ ಯಾರು ನೋಡಿ ಹೇಳಿದರು?" ಎಂದು ಕೇಳಿದರು.

"ನೋಡಿ ಯಾರೂ ಹೇಳಿಲ್ಲ ಮೇಡಂ. ನೋಡದೇ ಎಲ್ಲರೂ ಹೇಳಿದ್ರು" ಎಂದೆ.

ಅವರು ನಗಲಿಲ್ಲ. ಬೆಂಗಳೂರಿಗೆ ಹೋಗಿ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡಿಸಿಕೊಳ್ಳಿ, ತಡ ಮಾಡಬೇಡಿ ಎಂದರು.

ಆ ಪರೀಕ್ಷೆಗೆ ಮೊದಲು ಕರುಳು ತೊಳೆಯುವ ಔಷಧಿ ಕಲಸಿದ ನೀರನ್ನು ಬಾಟಲಿಗಟ್ಟಲೆ ಕುಡಿಸುತ್ತಾರೆ. ಉಪ್ಪೂ ಅಲ್ಲದ ಸಿಹಿಯೂ ಅಲ್ಲದ ಅದನ್ನು ಕುಡಿದು, ಆಸ್ಪತ್ರೆಯ ಹಸಿರು ನಿಲುವಂಗಿ ತೊಟ್ಟು, ನನ್ನ ಹಾಗೆಯೇ ಕುಡಿದ ಒಂದು ಹಿಂಡು ಜನರ ಜೊತೆ ಕಾಯುತ್ತ ಕೂತೆ. ಎಲ್ಲರ ಕಣ್ಣೂ ಇದ್ದ ಒಂದೇ ಪಾಯಿಖಾನೆಯ ಬಾಗಿಲ ಮೇಲೆ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬ ವಯಸ್ಸಾದ ಯಜಮಾನರು ಎದ್ದು, ಸಂಕೋಚಪಟ್ಟು, ಮತ್ತೆ ಕೂತರು. ನನಗೆ ತಡೆಯಲಿಲ್ಲ. ಎದ್ದು ನಿಂತು, "ಯಜಮಾನ್ರೇ ನೀವು ಮುಂದೆ ಬನ್ನಿ. ಈ ಅಮ್ಮ ಆಮೇಲೆ. ಒಳಗಿರೋರು ಬೇಗ ಬರ್ಬೇಕು, ಹಿಂದೆ ಜನ ಅವ್ರೆ!" ಎಂದು ಬಾಗಿಲು ತಟ್ಟಿದೆ. ಎಲ್ಲರೂ ನಕ್ಕರು. ಆಮೇಲೆ ಒಬ್ಬರ ಊರು ಒಬ್ಬರು ಕೇಳಿದೆವು. ಆ ದಿನದಲ್ಲಿ ನೆನೆಯಲು ಯೋಗ್ಯವಾದದ್ದು ಅದೊಂದೇ.

ಮಂಪರು ಇಳಿದ ಮೇಲೆ ಡಾಕ್ಟರು ಹೇಳಿದರು: ದೊಡ್ಡ ಕರುಳಿನ ಒಳಗೋಡೆಯ ತುಂಬ ಸಣ್ಣ ಸಣ್ಣ ಗಂಟುಗಳು ಎದ್ದಿವೆ. ಪಾಲಿಪ್ ಎನ್ನುತ್ತಾರೆ. ಎಣಿಸುವುದನ್ನು ಅವರು ಅರ್ಧಕ್ಕೆ ಬಿಟ್ಟರಂತೆ. ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ದಾರೆ, ಆದರೆ ಅವುಗಳಲ್ಲಿ ಒಂದು ಕ್ಯಾನ್ಸರ್ ಆಗಿರುವುದು ನೋಡಿದರೇ ಗೊತ್ತಾಗುತ್ತದೆ.

ಪಕ್ಕದಲ್ಲಿ ನನ್ನ ಯಜಮಾನರು ಬಸವರಾಜು ನಿಂತಿದ್ದರು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಕೆಲಸ ಅವರದು. ದಿನವೆಲ್ಲ ಕೂಗಾಟದ ನಡುವೆ ಇದ್ದರೂ ಮನೆಯಲ್ಲಿ ಮಾತೇ ಇಲ್ಲದ ಮನುಷ್ಯ. ಅವರು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ: "ಇವತ್ತು ಊಟಕ್ಕೆ ಏನು ಕೊಡಬಹುದು ಸಾರ್?" ಆಗ ನನಗೆ ಸಿಟ್ಟು ಬಂತು. ಹೆಂಡತಿಗೆ ಕ್ಯಾನ್ಸರ್ ಎಂದರೆ ಈ ಮನುಷ್ಯನಿಗೆ ಊಟದ ಚಿಂತೆ. ಆಮೇಲೆ ಕ್ಯಾಂಟೀನಿನಿಂದ ಇಡ್ಲಿ ತಂದವರು ನನಗೆ ಕೊಡುವುದನ್ನೇ ಮರೆತು ಪೊಟ್ಟಣ ಹಿಡಿದು ನಿಂತಿದ್ದರು. ಬೇರೆ ಯಾವ ಪ್ರಶ್ನೆಗೂ ಉತ್ತರ ಕೇಳುವ ಧೈರ್ಯ ಅವರಿಗೆ ಇರಲಿಲ್ಲ ಎಂದು ಆಗ ತಿಳಿಯಿತು.

ನನಗೂ ಹೆದರಿಕೆಯಾಯಿತು. ಇಲ್ಲ ಎಂದರೆ ಸುಳ್ಳು. ಆದರೆ ಹೆದರಿಕೆಯ ಜೊತೆಗೇ ಒಂದು ಹಟವೂ ಹುಟ್ಟಿತ್ತು. ನೋಡದೇ ಹೇಳಿದವರ ಮಾತು ಕೇಳಿ ಇಷ್ಟು ದೂರ ಬಂದಿದ್ದೇನೆ, ಇನ್ನು ಎಲ್ಲವನ್ನೂ ಕಣ್ಣುಬಿಟ್ಟು ನೋಡಿಯೇ ಸೈ ಎಂದುಕೊಂಡೆ. ಆಪರೇಷನ್ ಮಾಡಿ ದೊಡ್ಡ ಕರುಳಿನ ಬಹುಭಾಗ ತೆಗೆದು, ಸಣ್ಣ ಕರುಳನ್ನು ಉಳಿದ ತುದಿಗೆ ಜೋಡಿಸಿದರು. ರೋಗ ಹೊರಗೆ ಹರಡಿರಲಿಲ್ಲ, ಕೀಮೋ ಬೇಡ ಎಂದರು. ಆ ಸುದ್ದಿ ಕೇಳಿ ಪಕ್ಕದ ಹಾಸಿಗೆಯ ಹೆಂಗಸು ತನ್ನ ನೋವಿನಲ್ಲೂ ಕೈ ಚಾಚಿ ನನ್ನ ಬೆರಳು ಹಿಡಿದಳು. ಅವಳಿಗೆ ಕೀಮೋ ನಡೆಯುತ್ತಿತ್ತು.

ನನ್ನ ವಯಸ್ಸಿಗೆ ಇಷ್ಟೊಂದು ಗಂಟು ಏಕೆ ಎದ್ದವು ಎಂಬುದು ಡಾಕ್ಟರ ತಲೆಯಲ್ಲಿ ಕೊರೆಯುತ್ತಿತ್ತಂತೆ. ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಕೆಲವು ವಾರಗಳ ನಂತರ ಒಬ್ಬ ಹುಡುಗಿಯ ಮುಂದೆ ನಮ್ಮನ್ನು ಕೂರಿಸಿದರು. ಮನೆತನದ ಕಾಯಿಲೆಗಳನ್ನು ಬಿಡಿಸಿ ಹೇಳುವುದೇ ಅವಳ ಕೆಲಸ. ಮೊದಲು ಅವಳು ಕೇಳಿದ್ದು ಇದು: "ನಿಮ್ಮ ತಂದೆ ತಾಯಿ ಸಂಬಂಧದಲ್ಲೇ ಮದುವೆಯಾದವರಾ?"

"ಹೌದು. ನಮ್ಮಪ್ಪ ನಮ್ಮವ್ವನಿಗೆ ಸ್ವಂತ ಸೋದರಮಾವ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ನಮ್ಮ ಕಡೆ ಅದು ಹೆಮ್ಮೆಯ ವಿಷಯ. ಅಕ್ಕನ ಮಗಳನ್ನು ತಮ್ಮನಿಗೆ ಕೊಟ್ಟರೆ ಹುಡುಗಿ ಗೊತ್ತಿದ್ದ ಮನೆಗೇ ಹೋಗುತ್ತಾಳೆ, ಜಮೀನು ಚೂರಾಗುವುದಿಲ್ಲ, ಅತ್ತೆಯ ಕಾಟವಿರುವುದಿಲ್ಲ, ಅತ್ತೆ ಎಂದರೆ ಸ್ವಂತ ಅಜ್ಜಿಯೇ ಅಲ್ಲವೇ?

ಆ ಹುಡುಗಿ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಾವು ಉಸಿರಾಡುವ ಆಮ್ಲಜನಕದಿಂದ ಶಕ್ತಿ ಮಾಡಿಕೊಳ್ಳುವಾಗ ಜೀವಕೋಶದೊಳಗೆ ಒಂದಿಷ್ಟು ಕಿಡಿ ಹಾರುತ್ತದೆ. ಅದು ಡಿಎನ್‌ಎಯ ಅಕ್ಷರಗಳಿಗೆ ತಗುಲುತ್ತದೆ. ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳಲ್ಲಿ ಜಿ ಎನ್ನುವುದು ಬೇಗ ಕೆಡುತ್ತದೆ. ಸರಿಯಿರುವ ಜಿ ಪಕ್ಕದಲ್ಲಿ ಸಿ ಕೂರಬೇಕು. ಕೆಟ್ಟ ಜಿ ಮಾತ್ರ, ಕೋಶ ಎರಡಾಗಲು ನಕಲು ತೆಗೆಯುವ ಹೊತ್ತಿನಲ್ಲಿ, ಎ ಯನ್ನು ಪಕ್ಕಕ್ಕೆ ಕೂರಿಸಿಕೊಂಡುಬಿಡುತ್ತದೆ. ಇದು ಎಲ್ಲರ ಮೈಯಲ್ಲೂ ದಿನವೂ ನಡೆಯುತ್ತದೆ. ಹಾಗೆ ತಪ್ಪಾಗಿ ಕೂತ ಎ ಯನ್ನು ಎಬ್ಬಿಸಿ ಕಳಿಸಲೆಂದೇ ಒಂದು ಪ್ರೋಟೀನ್ ಇದೆ. ಅದನ್ನು ತಯಾರಿಸುವ ಜೀನಿಗೆ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ನನ್ನಲ್ಲಿ ಎರಡೂ ಕೆಟ್ಟಿವೆ.

"ಅಂದ್ರೆ ಹೆಂಗಸರ ಸೀಟಲ್ಲಿ ಕೂತ ಗಂಡಸನ್ನ ಎಬ್ಬಿಸೋ ಕೆಲಸ" ಎಂದೆ.

ಹುಡುಗಿ ನಕ್ಕಳು. "ಅದೇ ಮೇಡಂ."

"ಎಬ್ಬಿಸದೇ ಹೋದ್ರೆ?"

"ಮುಂದಿನ ನಕಲಿನಲ್ಲಿ ಆ ಸೀಟು ಅವನದೇ ಅಂತ ಖಾಯಂ ಆಗಿಬಿಡುತ್ತೆ. ಅದನ್ನೇ ನಾವು ಮ್ಯುಟೇಷನ್ ಅನ್ನೋದು. ಕರುಳಿನ ಕೋಶಗಳು ಬೇಗ ಬೇಗ ಹೊಸದಾಗುತ್ತವೆ, ಅದಕ್ಕೇ ಅಲ್ಲಿ ತಪ್ಪುಗಳು ಬೇಗ ಸೇರಿಕೊಂಡು ಗಂಟು ಏಳುತ್ತವೆ."

ಇಷ್ಟು ವರ್ಷ ಅರಸೀಕೆರೆಯಿಂದ ಬೇಲೂರಿನವರೆಗೆ ಜಗಳವಾಡಿ ಜನರನ್ನು ಎಬ್ಬಿಸಿದವಳು ನಾನು. ನನ್ನ ಮೈಯೊಳಗೆ ಮಾತ್ರ ಕಂಡಕ್ಟರೇ ಇರಲಿಲ್ಲ. ಅಷ್ಟರಲ್ಲಿ ಹುಡುಗಿ ಇನ್ನೊಂದು ಮಾತು ಹೇಳಿದಳು. ಕೆಟ್ಟ ಪ್ರತಿ ಒಂದೇ ಇದ್ದವರಿಗೆ ಈ ಕಾಯಿಲೆ ಬರುವುದಿಲ್ಲ, ಅಪ್ಪ ಅವ್ವ ಹಾಗೆಯೇ ಬದುಕಿದವರು. ಒಂದೇ ಮನೆತನದಲ್ಲಿ ಮದುವೆಯಾದಾಗ ಅಂಥ ಎರಡು ಪ್ರತಿ ಒಂದೆಡೆ ಸೇರಬಹುದು. ನನ್ನ ಒಡಹುಟ್ಟಿದವರಿಗೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. "ನಿಮಗೆ ತಮ್ಮ ಇದ್ದಾರಲ್ಲ? ಅವರು ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಗಂಟಾಗಿದ್ದಾಗಲೇ ಸಿಕ್ಕರೆ ಕ್ಯಾನ್ಸರ್ ಆಗೋದಕ್ಕೆ ಮೊದಲೇ ತೆಗೆದುಬಿಡಬಹುದು."

ಅಂದಿನಿಂದ ನನ್ನ ಕಾಯಿಲೆ ಹಿಂದಕ್ಕೆ ಸರಿಯಿತು. ತಮ್ಮ ಲೋಕೇಶ ಮುಂದೆ ಬಂದ.

ಲೋಕೇಶ ಬೇಲೂರಿನ ಹತ್ತಿರದ ಹಗರೆಯಲ್ಲಿ ಹಸು ಕಟ್ಟಿದ್ದಾನೆ, ಡೇರಿಗೆ ಹಾಲು ಹಾಕುತ್ತಾನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಅವನ ಮನೆಯಲ್ಲೇ ಇದ್ದಾಳೆ. ನನ್ನನ್ನು ಹೊರಗಿನ ಸಂಬಂಧಕ್ಕೆ ಕೊಟ್ಟ ಕೊರಗು ಅವ್ವನಿಗೆ ಹೋಗಿರಲಿಲ್ಲ. ಹಾಗಾಗಿ ಲೋಕೇಶನ ಮಗಳು ಚೈತ್ರ ತೊಟ್ಟಿಲಲ್ಲಿರುವಾಗಲೇ "ಇವಳು ಸುಜಾತನ ಸೊಸೆ" ಎಂದು ಸಾರಿಬಿಟ್ಟಿದ್ದಳು. ನನ್ನ ಮಗ ದರ್ಶನ್ ಈಗ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಚೈತ್ರ ಬೇಲೂರಿನಲ್ಲಿ ಡಿಗ್ರಿ ಮುಗಿಸುತ್ತಿದ್ದಳು. ಮದುವೆ ಹತ್ತಿರದಲ್ಲೇ ಇತ್ತು. ಯಜಮಾನರ ರಕ್ತ ನೋಡಿ ಅವರ ಎರಡೂ ಪ್ರತಿ ಸರಿಯಿವೆ ಎಂದಿದ್ದರು, ಆದರೂ ನನ್ನಿಂದ ಬಂದ ಒಂದು ಕೆಟ್ಟ ಪ್ರತಿ ಮಗನಲ್ಲಿ ಇದ್ದೇ ಇದೆ. ಲೋಕೇಶನಿಗೆ ಕಾಯಿಲೆಯಿದ್ದರೆ ಚೈತ್ರಳಲ್ಲೂ ಒಂದು ಖಂಡಿತ. ಅವರ ಮಕ್ಕಳಲ್ಲಿ ನನ್ನ ಕಥೆಯೇ ಮತ್ತೆ ಶುರುವಾಗಬಹುದು. ಇಷ್ಟನ್ನೂ ನಾನು ಹಗರೆಗೆ ಹೋಗಿ, ಕೊಟ್ಟಿಗೆಯಲ್ಲಿ ನಿಂತು, ಒಂದೇ ಉಸಿರಿಗೆ ಹೇಳಿಬಿಟ್ಟೆ.

ಲೋಕೇಶ ಹುಲ್ಲು ಕೊಡವುತ್ತಿದ್ದವನು ನಿಲ್ಲಿಸಿದ.

"ದರ್ಶನಂಗೆ ನನ್ನ ಮಗಳು ಬ್ಯಾಡ ಅಂತ ನೇರವಾಗಿ ಹೇಳಕ್ಕ. ಜೀನು ಗೀನು ಅಂತ ಯಾಕೆ ಸುತ್ತಿ ಬಳಸಿ ಬತ್ತೀಯ?"

"ಮದುವೆ ಮಾತು ಆಮೇಲೆ ಕಣೋ. ಮೊದ್ಲು ನೀನು ತೋರಿಸ್ಕೊ."

"ನಂಗೇನಾಗೈತೆ? ಕಲ್ಲು ತಿಂದು ಕಲ್ಲು ಅರಗಿಸ್ಕಂತೀನಿ. ನಾನು ಆಸ್ಪತ್ರೆಗೆ ಹೋದೆ ಅಂದ್ರೆ ನಾಳೆ ಊರೆಲ್ಲ ಆ ಮನೇಲಿ ಕ್ಯಾನ್ಸರ್ ಐತೆ ಅಂತದೆ. ನನ್ನ ಮಗಳ್ನ ಯಾರು ಕೇಳ್ತಾರೆ?"

ಮುಂದಿನ ವಾರ ಹೋದೆ. ಅದರ ಮುಂದಿನ ವಾರವೂ ಹೋದೆ. ಹೊಲಿಗೆಯ ಜಾಗ ಇನ್ನೂ ಎಳೆಯುತ್ತಿತ್ತು, ದಾರಿಯಲ್ಲಿ ಎರಡು ಕಡೆ ಇಳಿದು ಪಾಯಿಖಾನೆ ಹುಡುಕಬೇಕಿತ್ತು, ಆದರೂ ಹೋದೆ. ನಾನು ಹಗರೆಯಲ್ಲಿ ಇಳಿಯುವುದು ಕಂಡರೆ ಸಾಕು, ಅವನು ಹೊಲದ ಕಡೆ ಮಾಯವಾಗುತ್ತಿದ್ದ. ಒಂದು ಸಲ ಸಿಕ್ಕಿಬಿದ್ದವನು ಬಾಯಿ ತುಂಬ ನೆಲ್ಲಿಕಾಯಿ ಅಗಿಯುತ್ತಿದ್ದ.

"ಆಕ್ಸಿಜನ್ನಿಂದ ಕೆಡೋದು ಅಂತ ನೀನೇ ಹೇಳ್ದಲ್ಲ. ನೆಲ್ಲಿಕಾಯಿ ಅದ್ನ ತಡೀತದಂತೆ. ಮೊಬೈಲ್ನಾಗೆ ಬಂದೈತೆ. ದಿನಾ ತಿಂತಾ ಇವ್ನಿ, ಸಾಕಲ್ವಾ?"

"ತಿನ್ನು, ಬ್ಯಾಡ ಅನ್ನಲ್ಲ. ಆದ್ರೆ ಆಗ್ಲೇ ಎದ್ದಿರೋ ಗಂಟನ್ನ ನೆಲ್ಲಿಕಾಯಿ ಹೋಗಿ ಕಿತ್ಕೊಂಡು ಬರಲ್ಲ ಕಣೋ!" ಎಂದು ಕಿರುಚಿದೆ. ಹಸುಗಳು ಬೆದರಿ ಹಗ್ಗ ಜಗ್ಗಿದವು.

ಅಂದು ಬಸ್ ಹತ್ತಿಸಲು ಬಂದ ಅವನ ಹೆಂಡತಿ ಪ್ರೇಮ, ಅತ್ತ ಇತ್ತ ನೋಡಿ ಹೇಳಿದಳು. "ಅತ್ಗೆ, ಅವ್ರಿಗೂ ಆಗಾಗ ರಕ್ತ ಹೋಗ್ತೈತೆ. ಕೇಳಿದ್ರೆ ಹೀಟು ಅಂತ ಎಳನೀರು ಕುಡೀತಾರೆ." ಅದೇ ಮಾತು, ಅದೇ ಎಳನೀರು. ಇವನನ್ನು ಎಳೆದುಕೊಂಡಾದರೂ ಹೋಗಬೇಕು ಎಂದು ಅಲ್ಲಿಯೇ ತೀರ್ಮಾನ ಮಾಡಿದೆ.

ನಾನು ಹೋದಾಗಲೆಲ್ಲ ಅವ್ವ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಂದೇ ಒಂದು ಸಲ, ತಲೆಯೆತ್ತದೆ, "ನಾನೂ ನಿಮ್ಮಪ್ಪನೂ ಸೇರಿ ನಿಂಗೆ ಇದ್ನ ಕೊಟ್ವಿ ಅಂತಾಯ್ತು" ಎಂದಳು. ಅಲ್ಲ ಎಂದರೆ ಸುಳ್ಳು. ಹೌದು ಎಂದರೆ ಅವಳ ಇಡೀ ಬಾಳನ್ನೇ ತಪ್ಪು ಎಂದಂತೆ. "ನಿಮಗೆ ಹೆಂಗವ್ವ ಗೊತ್ತಾಗ್ಬೇಕು" ಎಂದೆ. ಅವಳು ಮತ್ತೆ ಕಾಯಿ ಬಿಡಿಸತೊಡಗಿದಳು.

ಒಂದು ಭಾನುವಾರ ಲೋಕೇಶ ಹೇಳದೆ ಕೇಳದೆ ಅವ್ವನ ಜೊತೆ ಅರಸೀಕೆರೆಯ ನಮ್ಮ ಮನೆಗೆ ಬಂದ. ಕೈಯಲ್ಲಿ ಚೀಲ. ನಡುಮನೆಯಲ್ಲಿ ಕೂತವನೇ ಚೀಲದಿಂದ ತಟ್ಟೆ ತೆಗೆದ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಜೋಡಿಸಿದ. ನಮ್ಮಲ್ಲಿ ಎರಡು ಮನೆಯವರು ವೀಳ್ಯ ಬದಲಾಯಿಸಿಕೊಂಡರೆ ಮದುವೆ ಗಟ್ಟಿಯಾದ ಹಾಗೆ. ಆಮೇಲೆ ಹಿಂದೆ ಸರಿಯುವುದೆಂದರೆ ಹತ್ತು ಜನರ ಮುಂದೆ ಮಾನ ಕಳೆದುಕೊಂಡಂತೆ.

"ನೋಡಕ್ಕ," ಎಂದ ಲೋಕೇಶ, "ಇವತ್ತು ವೀಳ್ಯ ತಗೊ. ತಗೊಂಡ್ರೆ ನಾಳೇನೇ ನೀನು ಹೇಳ್ದಲ್ಲಿಗೆ ಬತ್ತೀನಿ. ಕ್ಯಾಮೆರಾನಾದ್ರೂ ಬಿಡ್ಲಿ, ಕರುಳನ್ನೇ ಕಿತ್ಕೊಳ್ಳಿ. ನನ್ನ ಮಗಳ ದಾರಿ ಮೊದ್ಲು ಸರಿಯಾಗ್ಬೇಕು."

ಯಜಮಾನರು ನನ್ನ ಮುಖ ನೋಡಿದರು. ನಿಜ ಹೇಳುತ್ತೇನೆ, ನನ್ನ ಕೈ ತಟ್ಟೆಯ ಕಡೆ ಹೋಗಿತ್ತು. ತಮ್ಮನ ಜೀವ ಉಳಿಯುತ್ತದಲ್ಲ, ಮಿಕ್ಕದ್ದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಒಂದು ಮನಸ್ಸು. ಹುಟ್ಟದಿರುವ ಮೊಮ್ಮಗುವನ್ನು ಅಡವಿಟ್ಟು ತಮ್ಮನನ್ನು ಬಿಡಿಸಿಕೊಳ್ಳುವುದೇ ಎಂದು ಇನ್ನೊಂದು ಮನಸ್ಸು.

ಅಷ್ಟರಲ್ಲಿ ಅವ್ವ ಎದ್ದಳು. ಬಂದು ತಟ್ಟೆಯನ್ನು ಎತ್ತಿ, ಎಲೆ, ಅಡಿಕೆ, ಹಣ್ಣು, ಕಾಯಿ ಒಂದೊಂದನ್ನೇ ಮತ್ತೆ ಚೀಲದೊಳಗೆ ಇಟ್ಟಳು.

"ಏನ್ ಮಾಡ್ತಿದೀಯವ್ವ?" ಎಂದ ಲೋಕೇಶ.

"ನಮ್ಮವ್ವ ನನ್ನ ತನ್ನ ತಮ್ಮಂಗೆ ಕೊಟ್ಳು. ನನ್ನ ಯಾರೂ ಕೇಳ್ಲಿಲ್ಲ. ಕೇಳಿದ್ರೂ ನಾನು ಬ್ಯಾಡ ಅಂತಿರ್ಲಿಲ್ಲ. ನಿಮ್ಮಪ್ಪ ಒಂದಿನ ನನ್ನ ಗದರಿಸ್ದೋರಲ್ಲ. ಆ ಮದುವೇನ ತಪ್ಪು ಅಂತ ಯಾರಾದ್ರೂ ಅಂದ್ರೆ ನಾನು ಸುಮ್ನಿರಲ್ಲ. ಆವಾಗ ನಮ್ಗೆ ಗೊತ್ತಿರ್ಲಿಲ್ಲ. ಈಗ ಗೊತ್ತೈತೆ. ಗೊತ್ತಿದ್ದೂ ಮಾಡುದ್ರೆ ಮೊಮ್ಮಕ್ಕಳಿಗೆ ಏನಂತ ಹೇಳ್ಲಿ?" ಅವ್ವ ಚೀಲದ ಬಾಯಿ ಕಟ್ಟಿದಳು. "ತೊಟ್ಲಲ್ಲಿ ಮಾತು ಕೊಟ್ಟೋಳು ನಾನು. ನಾನೇ ವಾಪಸ್ ತಗಂಡೆ. ಈ ಸಂಬಂಧ ಇಲ್ಲ. ಈಗ ಹೇಳು ಕಣ್ಲಾ, ಆಸ್ಪತ್ರೆಗೆ ಹೋಗಕ್ಕೆ ನಿಂಗಿನ್ನೇನು ಅಡ್ಡ?"

ಲೋಕೇಶ ಧಡಕ್ಕನೆ ಎದ್ದ. ಚೀಲ ಎತ್ತಿಕೊಂಡು ಹೊರಟ. "ಬಾರವ್ವ" ಎಂದ.

"ಬರಲ್ಲ. ನೀನು ತೋರಿಸ್ಕೊಳ್ಳೋಗಂಟ ನಾನು ಹಗರೆ ಬಸ್ ಹತ್ತಲ್ಲ."

ಅವ್ವ ಇಲ್ಲದೆ ಹಗರೆಯ ಮನೆ ನಡೆಯುವುದಿಲ್ಲ. ಅದರಲ್ಲೂ ಒಂದು ಕಪ್ಪು ಹಸು ಅವ್ವನಿಗೆ ಬಿಟ್ಟರೆ ಯಾರಿಗೂ ಹಾಲು ಕೊಡುವುದಿಲ್ಲ. ಒಂದು ವಾರ ಲೋಕೇಶ ಒದೆ ತಿಂದ. ಎರಡನೇ ವಾರ ಫೋನ್ ಮಾಡಿ, "ಯಾವತ್ತು ಹೋಗಣ?" ಎಂದು ಕೇಳಿದ. ಇನ್ನೇನೂ ಹೇಳಲಿಲ್ಲ.

ಮದುವೆಯ ವಿಷಯ ದರ್ಶನನಿಗೆ ತಿಳಿಸುವಾಗ ನನಗೆ ಅಳುಕಿತ್ತು. ಅವನು ಮಾತ್ರ, "ನಾವಿಬ್ರೂ ಮಾವಿನಕಾಯಿಗೆ ಕಿತ್ತಾಡ್ಕೊಂಡು ಬೆಳೆದವರಮ್ಮ. ಮೊದಲೇ ಕೇಳಿದ್ರೆ ಬೇಡ ಅಂತ ಮೊದಲೇ ಹೇಳ್ತಿದ್ವಿ" ಎಂದ. ಅಷ್ಟು ವರ್ಷದಲ್ಲಿ ಅವರಿಬ್ಬರನ್ನು ಕೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಲೋಕೇಶನ ಪರೀಕ್ಷೆಯ ದಿನ ಕಾಯುವ ಬೆಂಚಿನ ಮೇಲೆ ನಾನು ರೋಗಿಯ ಕಡೆಯವಳಾಗಿ ಕೂತೆ. ರೋಗಿಯಾಗಿ ಕಾಯುವುದಕ್ಕಿಂತ ಇದು ಕಷ್ಟ. ಅವನ ಕರುಳಲ್ಲೂ ಗಂಟುಗಳಿದ್ದವು, ನನಗಿಂತ ಕಡಿಮೆ. ಎರಡು ಮೂರು ದೊಡ್ಡವು ನೋಡಲು ಚೆನ್ನಾಗಿಲ್ಲ ಎಂದರು ಡಾಕ್ಟರು. ಎಲ್ಲವನ್ನೂ ಒಳಗಿಂದಲೇ ಕತ್ತರಿಸಿ ತೆಗೆದು ಬಯಾಪ್ಸಿಗೆ ಕಳಿಸಿದರು. ಜೀನ್ ಪರೀಕ್ಷೆಗೆ ಅವನ ರಕ್ತದ ಜೊತೆ ಪ್ರೇಮಳ ರಕ್ತವನ್ನೂ ತೆಗೆದುಕೊಂಡರು. ಉತ್ತರ ಬರುವವರೆಗೆ ಕಾಯಿರಿ ಎಂದರು.

ಕಾಯುವ ಆ ವಾರಗಳಲ್ಲೇ ನಾನು ಡ್ಯೂಟಿಗೆ ಮರಳಿದೆ. ಡಿಪೋದಲ್ಲಿ ಪಾಸ್ ಕೌಂಟರಿನಲ್ಲಿ ಕೂರಿ ಎಂದರು. ಆರಾಮದ ಕೆಲಸ, ಪಕ್ಕದಲ್ಲೇ ಶೌಚಾಲಯ. ಬೇಡ, ನನ್ನ ರೂಟೇ ಕೊಡಿ ಎಂದೆ. ದೊಡ್ಡ ಕರುಳು ಇಲ್ಲದವರು ದಿನಕ್ಕೆ ಹಲವು ಸಲ ಹೋಗಬೇಕಾಗುತ್ತದೆ. ಹೊಟ್ಟೆ ಕೇಳಿದಾಗ ತಡೆದುಕೊಳ್ಳಲಾಗುವುದಿಲ್ಲ. ಹಾಗಾಗಿ ಜಾವಗಲ್ಲಿನ ಹೋಟೆಲಿನವರಿಗೆ, ಹಳೇಬೀಡಿನ ಪೆಟ್ರೋಲ್ ಬಂಕಿನವರಿಗೆ ನಾಚಿಕೆ ಬಿಟ್ಟು ಇರುವುದನ್ನು ಇದ್ದ ಹಾಗೆ ಹೇಳಿದೆ. ಯಾರೂ ಇಲ್ಲ ಎನ್ನಲಿಲ್ಲ. ನಾನು ಓಡುವಾಗ ಡ್ರೈವರ್ ಬಸ್ ನಿಲ್ಲಿಸಿಕೊಂಡು ಟೈರ್ ನೋಡುವ ನಾಟಕ ಮಾಡುತ್ತಾರೆ. ಪ್ರಯಾಣಿಕರೂ ಈಗ ಟೈರ್ ಬಗ್ಗೆ ಪ್ರಶ್ನೆ ಕೇಳುವುದಿಲ್ಲ. ನನಗೂ ವರ್ಷವರ್ಷ ಕ್ಯಾಮೆರಾ ಪರೀಕ್ಷೆ ಇದೆ, ಹೊಟ್ಟೆಯ ಮೇಲ್ಭಾಗಕ್ಕೂ ಆಗಾಗ ಇದೆ. ಹೋಗುತ್ತೇನೆ, ಬರುತ್ತೇನೆ.

ಫಲಿತಾಂಶದ ದಿನ ನಾವೆಲ್ಲರೂ ಹೋದೆವು: ಲೋಕೇಶ, ಪ್ರೇಮ, ಅವ್ವ, ನಾನು. ಅದೇ ಹುಡುಗಿ, ಅದೇ ಕೋಣೆ. ಲೋಕೇಶ ಕುರ್ಚಿಯ ತುದಿಯಲ್ಲಿ ಕೂತಿದ್ದ. ಹುಡುಗಿ ಮೊದಲು ಒಳ್ಳೆಯದನ್ನು ಹೇಳಿದಳು. ತೆಗೆದ ಗಂಟುಗಳಲ್ಲಿ ಕ್ಯಾನ್ಸರ್ ಇಲ್ಲ. ಇನ್ನೂ ಸ್ವಲ್ಪ ಕಾಲ ಬಿಟ್ಟಿದ್ದರೆ ಎರಡು ಗಂಟು ಕ್ಯಾನ್ಸರಿಗೆ ತಿರುಗುತ್ತಿದ್ದವು. ಆಮೇಲೆ ಇನ್ನೊಂದನ್ನು ಹೇಳಿದಳು. ಆ ಜೀನಿನ ಎರಡೂ ಪ್ರತಿ ಅವನಲ್ಲೂ ಕೆಟ್ಟಿವೆ, ಬದುಕಿರುವಷ್ಟು ಕಾಲ ಪರೀಕ್ಷೆ ತಪ್ಪಿಸುವ ಹಾಗಿಲ್ಲ.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಲೋಕೇಶ ಇದ್ಯಾವುದನ್ನೂ ಕೇಳಿಸಿಕೊಂಡವನ ಹಾಗೆ ಕಾಣಲಿಲ್ಲ.

"ನನ್ನ ಮಗಳಿಗೆ?" ಎಂದ.

"ನಿಮ್ಮ ಹೆಂಡತಿಯವರ ಎರಡೂ ಪ್ರತಿ ಚೆನ್ನಾಗಿವೆ. ಮಗಳಿಗೆ ನಿಮ್ಮಿಂದ ಕೆಟ್ಟದ್ದು ಒಂದು, ತಾಯಿಯಿಂದ ಒಳ್ಳೆಯದು ಒಂದು. ಈ ಕಾಯಿಲೆ ಅವರಿಗೆ ಬರೋದಿಲ್ಲ."

"ಗ್ಯಾರಂಟಿನಾ ಮೇಡಂ?"

"ಈ ಕಾಯಿಲೆ ಮಟ್ಟಿಗೆ ಹೆದರಬೇಡಿ."

ಲೋಕೇಶ ನನ್ನ ಕಡೆ ತಿರುಗಿದ. "ಊರೋರು, ಮದುವೆ, ಅದೆಲ್ಲ ಒಂದು ನೆಪ ಕಣಕ್ಕ. ನಾನು ತೋರಿಸ್ಕೊಂಡು, ಇದು ಐತೆ ಅಂತಾಗಿ, ನನ್ನಿಂದ ಅವ್ಳಿಗೂ ಹೋಗೈತೆ ಅಂದ್ಬಿಟ್ರೆ ಏನ್ ಮಾಡ್ಲಿ ಅಂತ ಹೆದ್ರಿಕೆ. ಅದನ್ನ ಹೆಂಗೆ ಕೇಳೋದು ಅಂತಾನೇ ತಪ್ಪಿಸ್ಕೊಂಡು ತಿರುಗ್ದೆ."

ಇಷ್ಟು ತಿಂಗಳು ನಾನು ಅವನಿಗೆ ಬೈದದ್ದೆಲ್ಲ ನೆನಪಾಯಿತು. ಅವನ ಪಕ್ಕದಲ್ಲೇ ಅವ್ವ ಕೂತಿದ್ದಳು. ಅವನು ಹೆದರಿದ್ದ ಆ ಮಾತನ್ನು ಎರಡೆರಡು ಮಕ್ಕಳ ವಿಷಯದಲ್ಲಿ ಕೇಳಿಸಿಕೊಂಡವಳು ಅವಳು. ಅವ್ವ ಅವನ ಬೆನ್ನ ಮೇಲೆ ಕೈಯಿಟ್ಟು, "ಮೊದ್ಲು ಮಗೂಗೆ ಫೋನ್ ಮಾಡು ಕಣ್ಲಾ. ಕಾಯ್ತಾ ಇರ್ತಾಳೆ" ಎಂದಳು.

ಅವನು ಹೊರಗಿನ ವರಾಂಡಕ್ಕೆ ಹೋಗಿ ಫೋನ್ ಹಚ್ಚಿದ. ಸಾಲು ಬೆಂಚಿನಲ್ಲಿ ಕೂತ ರೋಗಿಗಳೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಮನೆಗೆ ಸಿಹಿಸುದ್ದಿ ಕೊಡುವವನ ಹಾಗೆ ನಗುತ್ತ, ನನ್ನ ತಮ್ಮ ಕೂಗಿ ಹೇಳಿದ:

"ಮಗಾ, ನಂಗೈತಂತೆ ಕಣೇ! ನಿಂಗಿಲ್ವಂತೆ!"